ಮೊಲಕ್ಕೆ ಜಾಗ ತೋರಿಸಿದವರು

ರಾಜಾಜಿನಗರದ ನೀಲಗಂಗಮ್ಮನಿಗೆ ಹಾಲಿನವನ ಮೇಲೆ ಅನುಮಾನ, ಹಾಲಿನ ಮೇಲೆ ಅದಕ್ಕಿಂತ ಹೆಚ್ಚು. ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಬಿಟ್ಟು, ಅದು ಜಾರುತ್ತದೋ ನಿಲ್ಲುತ್ತದೋ ನೋಡದೆ ಪಾತ್ರೆಯನ್ನು ಒಳಗೆ ಒಯ್ಯುತ್ತಿರಲಿಲ್ಲ. ಜಾರಿದರೆ ಹಾಲಿನವನಿಗೆ ಮಂಗಳಾರತಿ. ನಿಂತರೆ, ದಿನವೂ ಜಾರುವ ಹಾಲು ಇವತ್ತು ಯಾಕೆ ನಿಂತಿತು ಎಂದು ಹೊಸ ಅನುಮಾನ. ಸೊಪ್ಪಿನವಳ ಕಟ್ಟು ಬಿಚ್ಚಿ ನೋಡುವುದು, ಅಂಗಡಿಯ ತಕ್ಕಡಿಯ ತಳ ಸವರಿ ನೋಡುವುದು, ಭಿಕ್ಷೆಗೆ ಬಂದವನ ಕುಂಟು ಕಾಲನ್ನು ಅವನು ತಿರುವಿನಲ್ಲಿ ಮರೆಯಾಗುವವರೆಗೂ ಗಮನಿಸುವುದು, ಇವೆಲ್ಲ ಅವಳ ನಿತ್ಯಕರ್ಮಗಳು. ಒಂದು ಮಾತು ಒಪ್ಪಲೇಬೇಕು. ಈ ಮನೆ ಕಟ್ಟುವಾಗ ಗಾರೆಯವನು ಸಿಮೆಂಟು ಕದಿಯುತ್ತಾನೆಂದು ಹೇಳಿ, ಪಾಯದ ಪಕ್ಕದಲ್ಲಿ ಕೊಡೆ ಹಿಡಿದು ಕೂತಿದ್ದಳು. ಎಲ್ಲರೂ ನಕ್ಕಿದ್ದರು. ಕೊನೆಗೆ ಗಾರೆಯವನು ಸಿಮೆಂಟಿನ ಚೀಲದ ಸಮೇತ ಸಿಕ್ಕಿಬಿದ್ದ. ಆ ಒಂದು ಗೆಲುವು ಅವಳನ್ನು ಜೀವಮಾನಕ್ಕಾಗುವಷ್ಟು ಕೆಡಿಸಿತು.

ಅವಳ ಗಂಡ ಗಂಗಾಧರಯ್ಯನವರು ತಿಪಟೂರಿನ ಕಡೆಯವರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಹಣೆಗೆ ವಿಭೂತಿ ಇಟ್ಟು ಬಸ್ಸು ಹತ್ತಿದರೆ ಸಂಜೆಯವರೆಗೂ ಯಾರ ತಂಟೆಗೂ ಹೋಗದವರು. ದೇಶಕ್ಕೆ ಎಮರ್ಜೆನ್ಸಿ ಬಂದದ್ದು ಈ ಕತೆ ನಡೆದ ವರ್ಷವೇ. ನಮ್ಮ ಮನೆಯಲ್ಲಿ ಅದು ಮದುವೆಯಾದಾಗಿನಿಂದ ಜಾರಿಯಲ್ಲಿದೆ ಎಂದು ಅವರು ಕಚೇರಿಯಲ್ಲಿ ಒಬ್ಬಿಬ್ಬರ ಕಿವಿಯಲ್ಲಿ ಹೇಳಿ, ಆಮೇಲೆ ಹೇಳಬಾರದಿತ್ತೇನೋ ಎಂದು ಹೆದರಿದ್ದರಂತೆ. ಒಬ್ಬನೇ ಮಗ ಚನ್ನವೀರಪ್ಪ, ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು. ಅವನಿಗೆ ಆ ವೈಶಾಖದಲ್ಲಿ ಗದಗಿನ ಕಡೆಯಿಂದ ಹೆಣ್ಣು ತಂದರು. ಹುಡುಗಿಯ ಹೆಸರು ಬಸವರಾಜೇಶ್ವರಿ, ಕರೆಯುವುದು ರಾಜೇಶ್ವರಿ ಎಂದು, ತಂದೆ ಹೈಸ್ಕೂಲು ಮೇಷ್ಟರು. ಮಾತು ಕಡಿಮೆ, ಕೆಲಸ ಚುರುಕು, ಬೆನ್ನು ದಾಟಿದ ದಪ್ಪ ಜಡೆ. ನೋಡಿದವರೆಲ್ಲ ಒಳ್ಳೆ ಸೊಸೆ ಸಿಕ್ಕಿದಳೆಂದರು. ಎಲ್ಲರೂ ಒಂದೇ ಮಾತು ಹೇಳಿದ್ದೇ ನೀಲಗಂಗಮ್ಮನಿಗೆ ಸರಿಬರಲಿಲ್ಲ.

ಆಷಾಢಕ್ಕೆ ತೌರಿಗೆ ಹೋದ ಸೊಸೆ ಶ್ರಾವಣದಲ್ಲಿ ಹಿಂದಿರುಗಿದಳು. ಟ್ರಂಕಿನ ಜೊತೆಗೆ ಒಂದು ಬಿದಿರು ಬುಟ್ಟಿ, ಅದರ ಮೇಲೆ ಬಿಗಿದ ಬಟ್ಟೆ. ಪಂಚಮಿಯ ಶೇಂಗಾ ಉಂಡೆ ಇರಬೇಕೆಂದು ನೀಲಗಂಗಮ್ಮ ಗಂಟು ಬಿಚ್ಚಿ ಕೈ ಹಾಕಿದಳು. ಉಂಡೆ ಬೆಚ್ಚಗಿತ್ತು. ಜೊತೆಗೆ ಮಿಸುಕಾಡಿತು. ಅವಳ ಚೀರಾಟಕ್ಕೆ ಪಕ್ಕದ ಮನೆಯ ಅನಂತಲಕ್ಷ್ಮಿ ಕಾಂಪೌಂಡಿನ ಆ ಕಡೆಯಿಂದ ಕತ್ತು ಚಾಚಿದಳು. ಬುಟ್ಟಿಯೊಳಗಿಂದ ಕೆಂಪು ಕಣ್ಣಿನ ಬಿಳಿ ಮೊಲವೊಂದು ನಿಧಾನವಾಗಿ ತಲೆ ಎತ್ತಿ ಎಲ್ಲರನ್ನೂ ನೋಡಿತು.

ಅಪ್ಪ ಸಾಕಿದ್ದ ಮೊಲಗಳಲ್ಲಿ ಇದು ತನ್ನ ಕೈಯಲ್ಲೇ ಬೆಳೆದದ್ದು, ಬಿಟ್ಟು ಬರಲು ಮನಸ್ಸಾಗಲಿಲ್ಲ ಎಂದು ಸೊಸೆ ಹೇಳಿದಳು. ಹೆಸರು ಅಳ್ಳು. ಈ ಕಡೆ ಜೋಳದ ಅರಳು ಎನ್ನುವುದನ್ನು ಆ ಕಡೆ ಹಾಗನ್ನುತ್ತಾರಂತೆ. ಮನೆಯಲ್ಲಿ ಗಲೀಜು ಮಾಡುವುದಿಲ್ಲ, ಒಂದೇ ಜಾಗದಲ್ಲಿ ಹೋಗುವುದನ್ನು ಕಲಿಸುತ್ತೇನೆ ಎಂದೂ ಹೇಳಿದಳು. ಗಂಗಾಧರಯ್ಯನವರು ಖುಷಿಯಿಂದ ಮೊಲದ ಕಿವಿ ಸವರಿದರು. ನೀಲಗಂಗಮ್ಮನಿಗೆ ಆ ಕೊನೆಯ ಮಾತು ಚುಚ್ಚಿತು. ಹಸುವಿಗೆ ಕಲಿಸಿದವರುಂಟೆ, ಕೋಳಿಗೆ ಕಲಿಸಿದವರುಂಟೆ? ಹೆತ್ತ ಮಗುವಿಗೆ ಕಲಿಸುವುದರಲ್ಲೇ ತಾಯಂದಿರು ಹಣ್ಣಾಗುತ್ತಾರೆ. ಇವಳು ಮೊಲಕ್ಕೆ ಕಲಿಸುತ್ತಾಳಂತೆ. ಇದರಲ್ಲಿ ಏನೋ ಇದೆ.

ಮರುದಿನದಿಂದಲೇ ಅವಳ ಕಣ್ಣು ಹಿತ್ತಿಲ ವರಾಂಡದ ಮೇಲೆ ನೆಟ್ಟಿತು. ಸೊಸೆ ಮೊದಲು ಮೊಲವನ್ನು ಅಲ್ಲಿ ಹಲಗೆ ಅಡ್ಡ ಇಟ್ಟು ಕೂಡಿಹಾಕಿದಳು. ಅದು ತನಗೆ ಬೇಕಾದ ಮೂಲೆಯನ್ನು ತಾನೇ ಆರಿಸಿಕೊಂಡ ಮೇಲೆ, ಆ ಮೂಲೆಗೆ ಒಂದು ತಗಡಿನ ತಟ್ಟೆ ಬಂತು. ಸೀಮೆಎಣ್ಣೆ ಡಬ್ಬವನ್ನು ಉದ್ದಕ್ಕೆ ಸೀಳಿ, ಅಂಚು ಮಡಿಸಿ, ಕಾಮಾಕ್ಷಿಪಾಳ್ಯದಲ್ಲಿ ಮಾಡಿಸಿಕೊಂಡು ಬಂದವನು ಚನ್ನವೀರಪ್ಪ. ಬಚ್ಚಲ ಬಾಗಿಲಿನ ಚಿಲಕ ಮುರಿದಿದೆ ಎಂದು ಯುಗಾದಿಯಿಂದ ಹೇಳುತ್ತಿದ್ದರೂ ಕೇಳದ ಮಗ, ಮೊಲದ ಹೇಲಿಗೆ ತಗಡು ಹೊತ್ತು ತಂದ. ನೀಲಗಂಗಮ್ಮ ಇದನ್ನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡಳು. ತಟ್ಟೆಗೆ ಹರಡಲು ಸೊಸೆ ತೆಗೆದುಕೊಂಡದ್ದು ನೀರೊಲೆಯ ಮರದ ಹೊಟ್ಟನ್ನು. ಡಬ್ಬದ ಒಲೆಗೆ ಹೊಟ್ಟು ತುಂಬಿ ಹಂಡೆ ಕಾಯಿಸುವ ಮನೆ ಅದು. ಚೀಲ ಬೇಗ ತಳ ಕಂಡಿತೆಂದು ನೀಲಗಂಗಮ್ಮ ಗಂಡನ ಮುಂದೆ ಹೇಳಿದಳು, ಅವರು ಪೇಪರಿನ ಹಿಂದಿನಿಂದ ಹೂಂಗುಟ್ಟಿದರು.

ಆಮೇಲಿನದು ಇನ್ನೂ ವಿಚಿತ್ರ. ಮೊಲ ತಟ್ಟೆಯ ಹೊರಗೆ ಹಿಕ್ಕೆ ಹಾಕಿದರೆ ಸೊಸೆ ಅದನ್ನು ಗುಡಿಸಿ ಚೆಲ್ಲುತ್ತಿರಲಿಲ್ಲ. ಕಾಗದದ ಚೂರಿನಿಂದ ಒಂದೊಂದಾಗಿ ಎತ್ತಿ ತಟ್ಟೆಯೊಳಗೆ ಇಡುತ್ತಿದ್ದಳು. ಒದ್ದೆಯಾದ ನೆಲವನ್ನು ನಿಂಬೆಹೋಳಿನಿಂದ ಉಜ್ಜಿ, ಹುಣಸೆ ನೀರಿನಲ್ಲಿ ಒರೆಸುತ್ತಿದ್ದಳು. ಮೂಲೆ, ನಿಂಬೆಹಣ್ಣು, ಉದುರಿದ ಮೊಲದ ಕೂದಲು, ಜೋಪಾನವಾಗಿ ಕೂಡಿಟ್ಟ ಹಿಕ್ಕೆ! ಹೊಲಸನ್ನು ಹೊರಗೆಸೆಯದೆ ಕೂಡಿಡುವವರು ಯಾರು, ಯಾತಕ್ಕೆ ಕೂಡಿಡುತ್ತಾರೆ ಎಂಬುದು ನೀಲಗಂಗಮ್ಮನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಊರಿನಲ್ಲಿ ಮಾಟದ ಕತೆಗಳನ್ನು ಕೇಳಿಯೇ ಬೆಳೆದವಳು. ಕಾಂಪೌಂಡಿನ ಮೇಲಿಂದ ಅನಂತಲಕ್ಷ್ಮಿ ತನ್ನ ಪಾಲಿನದನ್ನೂ ಸೇರಿಸಿದಳು. ಮೊಲದ ರಕ್ತ ಹಾಕಿ ತಲೆಗೆ ಎಣ್ಣೆ ಕಾಯಿಸುತ್ತಾರಂತೆ, ಕೂದಲು ಹುಲುಸಾಗಿ ಬರುತ್ತದಂತೆ. ಅವತ್ತಿನಿಂದ ನೀಲಗಂಗಮ್ಮ ಸೊಸೆಯ ಜಡೆಯನ್ನೂ ಮೊಲದ ಕತ್ತನ್ನೂ ದಿನಕ್ಕೊಮ್ಮೆ ಪರೀಕ್ಷಿಸಿದಳು. ಎರಡೂ ಚೆನ್ನಾಗಿಯೇ ಇದ್ದವು.

ಗಂಗಾಧರಯ್ಯನವರ ಹತ್ತಿರ ಹೇಳಿಕೊಂಡರೆ, "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರೆ. ನೀನು ಹಿಡೀದೆ ಇರೋ ಮೊಲಕ್ಕೂ ಮೂರೇ ಅಂತೀಯಲ್ಲ," ಎಂದು ನಕ್ಕುಬಿಟ್ಟರು.

ಗೌರಿ ಹಬ್ಬದ ಹೊತ್ತಿಗೆ ಮೊಲ ಕಲಿತೇಬಿಟ್ಟಿತು. ಹಲಗೆ ತೆಗೆದು ಮನೆಯೊಳಗೆಲ್ಲ ಬಿಟ್ಟರೂ, ನಡುಮನೆಯಲ್ಲಿ ಆಡುತ್ತಿದ್ದದ್ದು ಇದ್ದಕ್ಕಿದ್ದಂತೆ ಕಿವಿ ನಿಗುರಿಸಿ, ಆಫೀಸಿಗೆ ತಡವಾದ ಗುಮಾಸ್ತನ ಹಾಗೆ ಹಿತ್ತಿಲಿಗೆ ಓಡಿ, ತಟ್ಟೆ ಹತ್ತಿ ಕೂರುತ್ತಿತ್ತು. ಸೊಸೆ ಪಕ್ಕದಲ್ಲಿಟ್ಟ ಗರಿಕೆ ಮೆಲ್ಲುತ್ತ ಕೆಲಸ ಮುಗಿಸಿ ಬರುತ್ತಿತ್ತು. ನೋಡಲು ನೆರೆಯವರು ಬಂದರು. ಚನ್ನವೀರಪ್ಪನ ಮುಖದಲ್ಲಿ, ಮೊಲವನ್ನು ತಾನೇ ಹೆತ್ತ ಹಾಗೆ ಹೆಮ್ಮೆ. ನೀಲಗಂಗಮ್ಮ ಮಾತ್ರ ನಗಲಿಲ್ಲ. ಅವಳ ಎದೆಯೊಳಗೆ ತಣ್ಣಗೆ ಒಂದು ಯೋಚನೆ ಇಳಿಯಿತು. ಬಾಯಿಲ್ಲದ ಪ್ರಾಣಿಯನ್ನು ಬೈಯದೆ, ಹೊಡೆಯದೆ, ಯಾವ ಜಾಗಕ್ಕೆ ಬೇಕೋ ಆ ಜಾಗಕ್ಕೆ ಹೋಗುವಂತೆ ಮಾಡಿದವಳು ನನ್ನ ಮಗನನ್ನು ಬಿಟ್ಟಾಳೆಯೇ?

ಅನುಮಾನಕ್ಕೆ ಸಾಕ್ಷಿ ಬೇಗನೆ ಸಿಕ್ಕಿತು. ಮಹಾಲಯದ ದಿನಗಳಲ್ಲಿ ಒಂದು ಮಧ್ಯಾಹ್ನ ಅನಂತಲಕ್ಷ್ಮಿ ಕರೆದು, ತನ್ನ ಯಜಮಾನರು ವಿಜಯನಗರದಲ್ಲಿ ಚನ್ನವೀರಪ್ಪನನ್ನು ನೋಡಿದರೆಂದು ಹೇಳಿದಳು. ಹೊಸದಾಗಿ ಕಟ್ಟಿದ ಒಂದು ಮನೆಯ ಮುಂದೆ, ಅದರ ಮಾಲೀಕರ ಜೊತೆ, ಬಾಡಿಗೆ ವಿಚಾರ ಮಾತಾಡುತ್ತಿದ್ದನಂತೆ. ನೀಲಗಂಗಮ್ಮ ಒಳಗೆ ಬಂದು ಗೋಡೆಗೆ ಒರಗಿ ಕೂತಳು. ಮಗ ಬೇರೆ ಹೋಗುತ್ತಾನೆ. ಇರುವವನು ಒಬ್ಬ, ಅವನೂ ಹೋಗುತ್ತಾನೆ. ಮಗನನ್ನೇ ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೇಳಿ ತಿಳಿದುಕೊಳ್ಳುವುದು ಅವಳ ಪದ್ಧತಿಯಲ್ಲ, ಹಿಡಿಯುವುದು ಅವಳ ಪದ್ಧತಿ.

ಉಪಾಯ ಹೊಳೆದದ್ದು ಆ ಸಂಜೆಯೇ. ಸೊಸೆಯ ಕೀರ್ತಿಯೆಲ್ಲ ನಿಂತಿರುವುದು ಆ ಮೊಲದ ಶಿಸ್ತಿನ ಮೇಲೆ. ಆ ಶಿಸ್ತು ಮುರಿದರೆ ಮಗನ ಕಣ್ಣಿನ ಪೊರೆ ಹರಿಯುತ್ತದೆ, ಇವಳ ಕೈಲಿ ಏನೂ ಆಗುವುದಿಲ್ಲ, ಬೇರೆ ಸಂಸಾರ ನಡೆಸುವ ಹೆಣ್ಣಲ್ಲ ಎಂದು ಅರ್ಥವಾಗುತ್ತದೆ. ಮರುದಿನ ಸೊಸೆ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಾಗ, ನೀಲಗಂಗಮ್ಮ ಮೂಗಿಗೆ ಸೆರಗು ಮುಚ್ಚಿಕೊಂಡು ತಟ್ಟೆಯ ಮುಂದೆ ಕುಕ್ಕರಿಸಿದಳು. ಒಂದು ಹಿಡಿ ಹಿಕ್ಕೆ, ನಂಬಿಕೆ ಬರಲೆಂದು ಒದ್ದೆ ಹೊಟ್ಟಿನ ಒಂದು ಮುದ್ದೆ, ಎರಡನ್ನೂ ಕಾಗದಕ್ಕೆ ಬಳಿದುಕೊಂಡಳು. ಎಲ್ಲಿ ಹಾಕುವುದು? ದೇವರ ಕೋಣೆ ಎಂದು ಮೊದಲು ಅಂದುಕೊಂಡವಳು ಶಿವನಿಗೆ ಅಂಜಿದಳು. ಅಡುಗೆಮನೆಗೆ ಮನಸ್ಸು ಒಪ್ಪಲಿಲ್ಲ. ಕೊನೆಗೆ ತನ್ನ ಕೋಣೆಗೇ ಹೋಗಿ, ಸುತ್ತಿಟ್ಟ ಹಾಸಿಗೆಯ ಬುಡದಲ್ಲಿ, ತನ್ನ ಅವ್ವ ಹೊಲಿದುಕೊಟ್ಟ ಕೌದಿಯ ಅಂಚಿಗೆ ಹಾಕಿದಳು. ನೊಂದವಳು ತಾನೇ ಆದರೆ ಮಾತಿಗೆ ತೂಕ ಹೆಚ್ಚು.

ಸಂಜೆ ಮಗ ಬಂದಾಗ ತೋರಿಸಿದಳು. ಹೆಚ್ಚು ಮಾತಾಡಲಿಲ್ಲ, ಮಾತಾಡದೆ ಇರುವುದರಲ್ಲಿ ಎಷ್ಟು ಕೆಲಸವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಚನ್ನವೀರಪ್ಪನ ಮುಖ ಸಪ್ಪಗಾಯಿತು. ಸೊಸೆ ಬಗ್ಗಿ ನೋಡಿ, ಗುಡಿಸಿ, ನೆಲ ಒರೆಸಿದಳು. ಆದರೆ ಹಾಸಿಗೆಯ ಕೆಳಗೆ ಸೇರಿದ್ದ ಒದ್ದೆ ಹೊಟ್ಟು ಅವತ್ತಿನ ಮಬ್ಬಿನಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ನೀಲಗಂಗಮ್ಮ ಇನ್ನೂ ಎರಡು ಸಲ ಹಾಗೆಯೇ ಮಾಡಿದಳು.

ಅದರ ಮುಂದಿನ ಸಲ ಅವಳು ಮಾಡಬೇಕಾಗಿ ಬರಲಿಲ್ಲ. ಊಟವಾದ ಮೇಲೆ ಕೋಣೆಗೆ ಹೋದರೆ ಮೊಲ ಅವಳ ಕೌದಿಯ ಮೇಲೆ ಬಾಲ ಎತ್ತಿ ಕೂತಿತ್ತು. ಅವಳನ್ನು ನೋಡಿಯೂ ಏಳಲಿಲ್ಲ. ಸಾವಧಾನವಾಗಿ ಮುಗಿಸಿ, ಹಾಸಿಗೆಯ ಅಂಚನ್ನು ಕಾಲಿನಿಂದ ಕೆರೆದು, ಹೊರಟುಹೋಯಿತು. ನೀಲಗಂಗಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ತಾನು ಹೇಳಿದ ಸುಳ್ಳು ತಾನಾಗಿಯೇ ನಿಜವಾಗುವುದನ್ನು ಅವಳು ಎಂದೂ ನೋಡಿರಲಿಲ್ಲ. ಮರುದಿನವೂ ಬಂತು, ಅದರ ಮರುದಿನವೂ ಬಂತು. ಬಾಗಿಲು ಮುಚ್ಚಿದರೆ ಹೊರಗೆ ಕೂತು ಕೆರೆಯುತ್ತಿತ್ತು. ಇದಕ್ಕೆ ಎಲ್ಲ ಗೊತ್ತಾಗಿದೆ, ತನ್ನನ್ನು ಅಣಕಿಸಲೆಂದೇ ಬರುತ್ತಿದೆ ಎಂದು ಅವಳು ಮೊಲದ ಮೇಲೂ ಅನುಮಾನಪಟ್ಟಳು. ಅದರ ಕೆಂಪು ಕಣ್ಣುಗಳನ್ನು ನೇರವಾಗಿ ನೋಡಲು ಅವಳಿಗೆ ಆಗುತ್ತಿರಲಿಲ್ಲ.

ದಸರೆ ಕಳೆದು, ಒಂದು ಶನಿವಾರ ಸಂಜೆ ಚನ್ನವೀರಪ್ಪ ತಾಯಿಯ ಪಕ್ಕ ಬಂದು ಕೂತ. ಮೊಲದಿಂದ ಅವಳಿಗೆ ಹಿಂಸೆಯಾಗುತ್ತಿರುವುದನ್ನು ನೋಡಲಾರೆನೆಂದ. ಅದನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಹೆಂಡತಿಗೆ ಹೇಳಲು ಬಾಯಿ ಬರುವುದಿಲ್ಲ, ಅವಳಿಗೆ ತೌರಿನಿಂದ ಬಂದದ್ದು ಅದೊಂದೇ ಎಂದ. ಆಮೇಲೆ ತಲೆ ತಗ್ಗಿಸಿಕೊಂಡು, ಬಹಳ ದಿನದಿಂದ ಒಳಗಿಟ್ಟುಕೊಂಡಿದ್ದನ್ನು ಹೇಳಿದ. "ನಿನಗೂ ಅವಳಿಗೂ ಹೊಂದಲ್ಲ ಅನ್ನಿಸಿ ಆಗಲೇ ವಿಜಯನಗರದಲ್ಲಿ ಒಂದು ಮನೆ ನೋಡಿದೀನಮ್ಮ. ಬೇಡ ಬೇಡ ಅಂತ ಇಷ್ಟು ದಿನ ಸುಮ್ಮನಿದ್ದೆ. ಈಗ ನಿನ್ನ ಹಾಸಿಗೆ ತನಕ ಬಂತು. ನಾಳೆ ಹೋಗಿ ಮಾತು ಕೊಟ್ಟು ಬರ್ತೀನಿ. ನೀನೂ ನೆಮ್ಮದಿಯಾಗಿರು, ಅವಳೂ ಇರ್ಲಿ."

ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದಾಳೆ ಎಂಬುದು ನೀಲಗಂಗಮ್ಮನಿಗೆ ಆಗಲೂ ಹೊಳೆಯಲಿಲ್ಲ. ಕೊನೆಗೂ ಗೆದ್ದಳು ಮಾಯಗಾತಿ ಎಂದೇ ಅನ್ನಿಸಿತು. ಸೊಸೆ ಗೆದ್ದ ಮುಖದಲ್ಲಿ ಹೇಗಿರುತ್ತಾಳೆಂದು ಕಣ್ಣಾರೆ ನೋಡಬೇಕೆಂದು ಎದ್ದು ಹಿತ್ತಿಲಿಗೆ ಹೋದಳು. ರಾಜೇಶ್ವರಿ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತು ಅತ್ತೆಯ ಕೌದಿ ಒಗೆಯುತ್ತಿದ್ದಳು. ಹೊಲಿಗೆ ಬಿಟ್ಟೀತೆಂದು ಕಲ್ಲಿಗೆ ಬಡಿಯದೆ ಅಂಗೈಯಲ್ಲಿ ಹಿಸುಕುತ್ತಿದ್ದಳು. ಅತ್ತೆಯನ್ನು ನೋಡಿ ಕೈ ನಿಲ್ಲಿಸಿದಳು.

"ಅತ್ತಿ, ಒಂದು ಮಾತು ಹೇಳ್ಲೇನ್ರಿ?" ಎಂದಳು. "ಮೊಲ ತಾನಾಗಿ ಜಾಗಾ ಬಿಡೂದಿಲ್ರಿ. ಅದರ ಹಿಕ್ಕಿ ಎಲ್ಲಿ ಇಡ್ತೀವಿ, ಅದನ್ನ ತನ್ನ ಜಾಗಾ ಅಂತ ತಿಳಕೋತದ. ನಾ ತಗಡಿಗೆ ಕಲಿಸಿದ್ದೂ ಹಂಗ. ನಿಮ್ಮ ಹಾಸಿಗಿ ಬುಡಕ್ಕ ಹೊಟ್ಟು ಇತ್ತು, ಮೊನ್ನೆ ನೋಡೀನಿ. ಮೊಲ ಹೊಟ್ಟು ಹೊತಗೊಂಡು ಬರೂದಿಲ್ಲ."

ಜೀವಮಾನವೆಲ್ಲ ಬೇರೆಯವರನ್ನು ಹಿಡಿದವಳಿಗೆ ಸಿಕ್ಕಿಬೀಳುವುದು ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಚೀಲದ ಸಮೇತ ನಿಂತಿದ್ದ ಗಾರೆಯವನಾದರೂ ಏನೋ ಒಂದು ನೆಪ ಹೇಳಿದ್ದ.

"ಅವರಿಗೆ ನಾ ಹೇಳಿಲ್ರಿ, ಹೇಳೂದೂ ಇಲ್ಲ," ಎಂದಳು ಸೊಸೆ. "ಆದ್ರ ನನಗ ಆ ಮನಿ ಬ್ಯಾಡ್ರಿ. ಬ್ಯಾಡ ಅಂತ ಮೊದಲಿಂದ ಹೇಳಾಕತ್ತೀನಿ, ಅವರು ಕೇಳವಲ್ರು. ನಿಮಗ ತ್ರಾಸ ಆಗಬಾರದು ಅಂತನ ತಗಡಿಗೆ ಕಲಿಸಿದ್ದು."

ಅಂದರೆ ಬೇಡ ಬೇಡ ಎನ್ನುತ್ತಿದ್ದವಳು ಇವಳು. ನೀಲಗಂಗಮ್ಮ ನಂಬಲಿಲ್ಲ. ನಂಬುವುದು ಅಷ್ಟು ಬೇಗ ಬರುವ ಅಭ್ಯಾಸವಲ್ಲ. "ಯಾಕೆ ಬೇಡ?" ಎಂದು ಗಡುಸಾಗಿಯೇ ಕೇಳಿದಳು. "ನಿನಗೇನು ಸುಖ ಇದೆ ಇಲ್ಲಿ?"

ರಾಜೇಶ್ವರಿ ಕೌದಿಯ ನೀರು ಹಿಂಡಿದಳು. "ನಾ ಸಣ್ಣಾಕಿ ಇದ್ದಾಗನ ಅವ್ವ ತೀರಿಕೊಂಡ್ಲು. ಸಾಲಿಯಿಂದ ಬಂದು ನಾನ ಕೀಲಿ ತಗದು ಒಳಗ ಹೋಗಬೇಕಿತ್ತು. ಎಲ್ಲಿಗೆ ಹೋಗಿದ್ದಿ, ಯಾಕ ತಡಾ ಆತು, ಬುಟ್ಟ್ಯಾಗ ಏನದ ಅಂತ ಯಾರೂ ಕೇಳ್ತಿದ್ದಿಲ್ಲ. ನೀವು ಕೇಳ್ತೀರಿ. ದಿನಾ ಕೇಳ್ತೀರಿ. ಆ ಮನ್ಯಾಗ ನನ್ನ ಯಾರು ಕೇಳ್ತಾರ್ರಿ?"

ನೀಲಗಂಗಮ್ಮ ಒಳಗೆ ಬಂದಳು. ಅವಳ ಪ್ರಶ್ನೆಗಳಿಗೆ ಲೋಕ ಇದುವರೆಗೆ ಉತ್ತರ ಕೊಟ್ಟಿತ್ತು, ತಿರುಗಿ ಬೈದಿತ್ತು, ಬೆನ್ನ ಹಿಂದೆ ನಕ್ಕಿತ್ತು. ಆ ಪ್ರಶ್ನೆಗಳು ಬೇಕು ಎಂದವರು ಯಾರೂ ಇರಲಿಲ್ಲ. ಕೈ ಹಿಡಿದ ಗಂಡನೂ ಪೇಪರನ್ನು ಅಡ್ಡ ಹಿಡಿದುಕೊಂಡೇ ಕಾಲ ಕಳೆದಿದ್ದರು. ಬಾಗಿಲಲ್ಲಿ ನಿಲ್ಲಿಸಿಕೊಂಡು ತಾನು ಕೇಳಿದ ಒಂದೊಂದನ್ನೂ ಈ ಹುಡುಗಿ ಅಕ್ಕರೆಯೆಂದು ಎತ್ತಿಟ್ಟುಕೊಂಡಿದ್ದಾಳೆ. ಸಂಜೆಯೆಲ್ಲ ಅವಳು ಇದನ್ನೇ ತಿರುವಿಹಾಕಿದಳು. ನಯವಾದ ಮಾತಿನಲ್ಲಿ ತನ್ನನ್ನು ಬೀಳಿಸುತ್ತಿದ್ದಾಳೆಯೇ? ಹಾಗೆ ಬೀಳಿಸಿ ಪಡೆಯುವುದಾದರೂ ಏನನ್ನು? ಈ ಮನೆಯಲ್ಲೇ, ಈ ಅತ್ತೆಯ ಕಣ್ಣಿನ ಕೆಳಗೇ ಇರುವುದನ್ನೇ? ಎಷ್ಟು ಹುಡುಕಿದರೂ ಹೂಟ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಚನ್ನವೀರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದ. ಹೋಗಬೇಡ ಎಂದು ನೀಲಗಂಗಮ್ಮ ಎರಡು ಸಲ ಹೇಳಿನೋಡಿದಳು. ನಮ್ಮ ಮೇಲಿನ ಆಸೆಗೆ ಹೀಗೆ ಹೇಳುತ್ತೀಯ, ನಿನ್ನ ಕಷ್ಟ ನನಗೆ ಕಾಣುವುದಿಲ್ಲವೇ ಎಂದು ಅವನು ಇನ್ನಷ್ಟು ಕರಗಿದ. ತಾನೇ ಕಟ್ಟಿದ ಸುಳ್ಳು ಗಟ್ಟಿಯಾಗಿ ನಿಂತಿತ್ತು, ಅದನ್ನು ಕೆಡವದೆ ಅವನ ಕಾಲು ಹಿಂತೆಗೆಯುವಂತಿರಲಿಲ್ಲ. ಅವನು ಲೋಟ ಕೆಳಗಿಟ್ಟು ಎದ್ದ. ಚಪ್ಪಲಿಗೆ ಕಾಲು ತೂರಿಸಿದ.

"ಹಾಸಿಗೆ ಹತ್ರ ಮೊದಲು ಹಾಕಿದ್ದು ಮೊಲ ಅಲ್ಲ ಕಣೋ, ನಾನು," ಎಂದಳು ನೀಲಗಂಗಮ್ಮ.

ಅವನಿಗೆ ಅರ್ಥವಾಗಲಿಲ್ಲ. ಅವಳು ಗೋಡೆ ನೋಡಿಕೊಂಡು ಹೇಳಿದಳು. "ತಟ್ಟೆಯಿಂದ ಕಾಗದದಲ್ಲಿ ಎತ್ಕೊಂಡು ಬಂದು ನಾನೇ ಹಾಕ್ದೆ. ಆಮೇಲೆ ಅದು ಅಲ್ಲಿಗೇ ಬರೋದು ಕಲ್ತುಕೊಂಡ್ತು. ಇವಳು ನಿನ್ನ ಕರ್ಕೊಂಡು ಹೊರಟುಹೋಗ್ತಾಳೆ ಅಂದ್ಕೊಂಡಿದ್ದೆ."

ಗಂಗಾಧರಯ್ಯನವರು ಪೇಪರು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಅವರು ತಮಾಷೆ ಮಾಡಲಿಲ್ಲ. ಚನ್ನವೀರಪ್ಪ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವಳಿಗೆ ಗೊತ್ತಿತ್ತೇ ಎಂದು ಕೇಳಿದ. ಗೊತ್ತಿತ್ತು ಎಂದಳು ತಾಯಿ. ಬಹಳ ಹೊತ್ತು ಅವನು ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ನಿಂತೇ ಇದ್ದ. ಬೈಯುತ್ತಾನೆಂದು ನೀಲಗಂಗಮ್ಮ ಕಾದಳು, ಬೈದರೆ ಒಳ್ಳೆಯದೆಂದು ಕೂಡ ಅಂದುಕೊಂಡಳು. "ಆ ಮನೆಯೋರು ಕಾಯ್ತಿರ್ತಾರೆ. ಬೇಡ ಅಂತ ಹೇಳಿ ಬರ್ತೀನಿ," ಎಂದು ಇನ್ನೊಂದು ಚಪ್ಪಲಿ ಮೆಟ್ಟಿಕೊಂಡು ಅವನು ಹೊರಟುಹೋದ. ಹೋಗುವಾಗ ತಾಯಿಯ ಮುಖ ನೋಡಲಿಲ್ಲ.

ನೀಲಗಂಗಮ್ಮ ಸೊಸೆಯ ಕಡೆ ತಿರುಗಿದಳು. ಗೆದ್ದ ಗುರುತು ಆ ಮುಖದಲ್ಲಿ ಎಲ್ಲಾದರೂ ಇದ್ದೇ ಇರಬೇಕು. ತುಟಿಯ ಕೊನೆಯಲ್ಲಿ ಹುಡುಕಿದಳು, ಕಣ್ಣಿನಲ್ಲಿ ಹುಡುಕಿದಳು. ಹಾಲಿನವನನ್ನೂ ಗಾರೆಯವನನ್ನೂ ನೋಡದಷ್ಟು ಹತ್ತಿರದಿಂದ ನೋಡಿದಳು. ರಾಜೇಶ್ವರಿ ಕಾಫಿ ಲೋಟ ಎತ್ತಿಕೊಂಡು ನಿಂತಿದ್ದಳು, ಅತ್ತೆಗೆ ನೋವಾಯಿತಲ್ಲ ಎಂದು ಅವಳ ಕಣ್ಣು ತುಂಬಿತ್ತು, ಅಷ್ಟೇ. ಬೇರೆ ಏನೂ ಇರಲಿಲ್ಲ. ಇದ್ದಿದ್ದರೆ ನೀಲಗಂಗಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಅಲ್ಲೇ ನೆಲದ ಮೇಲೆ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಗಂಡನ ಎದುರಿಗೇ ಅತ್ತಳು.